ಪರದೇಶಿಯ ಭಾಷಾಸಂಕಟ: ಮಂಗಳೂರಿನ ಕೆಲವು ಪ್ರಸಂಗಗಳು

ಪರಭಾಷೆಯನ್ನಾಡುವವನಿಗೆ ನಮ್ಮ ಪೂರ್ವಿಕರಿಟ್ಟ ಹೆಸರು ಮ್ಲೇಚ್ಛನೆಂದು. ಈ ಶಬ್ದವು ಈಗ ಬೈಗಳಾಗಿ ಉಳಿದಿದ್ದರೂ ಧಾತುಪಾಠವನ್ನು ನೋಡಿದವರಿಗೆ ಅದರ ಮೂಲಾರ್ಥವು ತಿಳಿದೇ ಇದೆ. ಅಸ್ಪಷ್ಟವಾಗಿ ನುಡಿಯುವುದೆಂಬಷ್ಟೇ ಅದರ ಅರ್ಥ. ಉಚ್ಚಾರದಲ್ಲಿ ತಪ್ಪಿದ ಅಸುರರು ಯುದ್ಧದಲ್ಲಿ ಸೋತರೆಂಬ ಕಥೆಯನ್ನು ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಸ್ಮರಿಸಿದ್ದಾನೆ. ಯವನರು, ಎಂದರೆ ಗ್ರೀಕರು, ತಮ್ಮ ಭಾಷೆಯನ್ನರಿಯದವರಿಗೆ ಬಾರ್ಬರರೆಂಬ ಹೆಸರಿಟ್ಟುದೂ ಇದೇ ಕಾರಣದಿಂದ. ಆ ಪರಕೀಯನ ಮಾತು ಅವರ ಕಿವಿಗೆ 'ಬರ್ ಬರ್' ಎಂದು ಕೇಳಿಸಿತಂತೆ. ಎರಡು ಮಹಾಜನಾಂಗಗಳು, ಒಂದು ಇನ್ನೊಂದನ್ನು ಕೇಳದೆಯೇ, ಒಂದೇ ವಿಧದ ಹೆಸರನ್ನು ಅನ್ಯರಿಗೆ ಇಟ್ಟುವು. ತನಗೆ ಅರ್ಥವಾಗದುದು ಎದುರಿನವನ ನಾಲಗೆಯ ದೋಷವೆಂದು ಮನುಷ್ಯನು ಎಲ್ಲ ದೇಶಗಳಲ್ಲಿಯೂ ಭಾವಿಸಿದ್ದಾನೆ. ಹಡಗನ್ನೇರಿ ದೂರದೇಶಕ್ಕೆ ಹೋದವನಿಗೆ ಮಾತ್ರ ಈ ಭ್ರಮೆಯು ಹರಿಯುತ್ತದೆ. ಅಲ್ಲಿ ಅಸ್ಪಷ್ಟವಾಗಿ ನುಡಿಯುವವನು ತಾನೇ ಆಗಿರುತ್ತಾನೆ.

ನಮ್ಮ ಮಂಗಳೂರು ಬಂದರದ ಊರು. ಬಂದವರು ಏನನ್ನು ತಂದರು, ಏನನ್ನು ಕೊಂಡುಹೋದರು ಎಂಬುದನ್ನು ಚರಿತ್ರಕಾರರು ಬೇಕಾದಷ್ಟು ಬರೆದಿದ್ದಾರೆ: ಮೆಣಸು, ಅಕ್ಕಿ, ಕುದುರೆ, ಚಿನ್ನ. ಬಂದವರು ಇಲ್ಲಿ ಹೇಗೆ ಮಾತನಾಡಿದರೆಂಬುದನ್ನು ವಿಚಾರಿಸಿದವರು ಕಡಿಮೆ. ಆ ವಿಚಾರಕ್ಕೆ ಉಪಯುಕ್ತವಾದ ಕೆಲವು ಪ್ರಸಂಗಗಳನ್ನು ಇಲ್ಲಿ ಸಂಗ್ರಹಿಸಿದ್ದೇನೆ.

ಮೊದಲನೆಯದು ನಗೆಯ ಪ್ರಸಂಗ. ಐಗುಪ್ತದೇಶದ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ದೊರೆತ ಪಪೈರಸ್ ಪತ್ರಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. 1903ರಲ್ಲಿ ಅದು ಅಚ್ಚಾಯಿತು. ಬರಹವು ಕ್ರಿಸ್ತಶಕದ ಎರಡನೆಯ ಶತಮಾನದ್ದೆನ್ನುತ್ತಾರೆ. ಕಾರಿಟಿಯಾನ್ ಎಂಬ ಗ್ರೀಕ್ ತರುಣಿಯು ಹಿಂದೂದೇಶದ ಕರಾವಳಿಯ ಒಬ್ಬ ಅರಸನ ಕೈಗೆ ಸಿಕ್ಕಿದ್ದಾಳೆ. ಆಕೆಯನ್ನು ಬಿಡಿಸಲು ಅವಳ ಕಡೆಯವರು ಹಡಗಿನಲ್ಲಿ ಬಂದು, ಅರಸನಿಗೂ ಪರಿವಾರಕ್ಕೂ ನೀರು ಬೆರಸದ ಮದ್ಯವನ್ನು ಕುಡಿಸಿ, ಅಮಲೇರಿದಾಗ ಆಕೆಯನ್ನು ಕರೆದುಕೊಂಡು ಪಲಾಯನ ಮಾಡುತ್ತಾರೆ. ಅರಸನೂ ಅವನ ಜನರೂ ಆಡುವ ಮಾತುಗಳು ಗ್ರೀಕ್ ಅಲ್ಲ. ಅವನ್ನು ಕೇಳಿ ವಿದೂಷಕಪ್ರಾಯನಾದವನು ಇವರು ಏನೆನ್ನುತ್ತಾರೆಂದು ಕೇಳುವುದೂ, ಮತ್ತೊಬ್ಬನು ಅದಕ್ಕೆ ಅರ್ಥ ಹೇಳುವುದೂ ಪ್ರೇಕ್ಷಕರನ್ನು ನಗಿಸುವುದಕ್ಕಾಗಿ. ಈ ಅನ್ಯಭಾಷೆಯು ಕನ್ನಡವೆಂದು ಜರ್ಮನ್ ವಿದ್ವಾಂಸ ಹುಲ್ಟ್ಜ್ ಎಂಬವರು 1904ರಲ್ಲಿ ಸೂಚಿಸಿದರು, ಮೈಸೂರಿನ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಅದನ್ನು ಸಮರ್ಥಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದರ ಮೇಲೆ ಬಹಳ ಪರಿಶ್ರಮ ಮಾಡಿದರು. ಒಪ್ಪದ ವಿದ್ವಾಂಸರೂ ಅನೇಕರಿದ್ದಾರೆ. ನನ್ನ ಮತವನ್ನು ಹೇಳುವುದಾದರೆ, ಆ ಅಕ್ಷರಪಂಕ್ತಿಗಳಿಂದ ಒಂದೊಂದು ಕನ್ನಡ ಶಬ್ದವನ್ನು ಹೆಕ್ಕಿ ತೆಗೆಯುವುದರಲ್ಲಿ ಅಭಿಮಾನದ ಪಾಲು ಹೆಚ್ಚು, ಪ್ರಮಾಣದ ಪಾಲು ಕಡಿಮೆ. ಗ್ರೀಕ್ ಲಿಪಿಯಲ್ಲಿ ಬರೆದವನು ಕೇಳಿದ್ದನ್ನು ಕೇಳಿದಂತೆಯೇ ಬರೆದನೆಂದು ಹೇಳುವವರು ಯಾರು? ಆದರೆ ಅದು ಕನ್ನಡವಾಗಲಿ ಆಗದಿರಲಿ, ಅರಬ್ಬೀಸಮುದ್ರದ ಈಚೆಯ ದಡದ ಮಾತನ್ನು ಆಚೆಯ ದಡದವರು ರಂಗಸ್ಥಳದ ಮೇಲೆ ತಂದು ನಕ್ಕರೆಂಬುದು ನಿಶ್ಚಯ. ನಗಬೇಕಾದರೆ ಆ ಮಾತಿನ ಧ್ವನಿಯು ನಾವಿಕರ ಮೂಲಕ ಅಲ್ಲಿಗೆ ಮುಟ್ಟಿರಬೇಕು.

ಆ ಮೇಲೆ ಬಂದ ಅರಬ್ಬೀ ವರ್ತಕರಿಗೆ ಈ ನಗೆಯೂ ಇಲ್ಲ, ಅಷ್ಟು ಸಂಕಟವೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು, ಆಫ್ರಿಕಾಖಂಡದ ಟ್ಯುನಿಸಿಯಾ ಪ್ರಾಂತದವನು, ಮಂಗಳೂರಿನಲ್ಲಿ ಸುಮಾರು 17 ವರ್ಷ ನೆಲಸಿದ್ದನು. ಅವನ ಪತ್ರಗಳು ಕೈರೋ ನಗರದ ಒಂದು ಸಿನಗಾಗಿನ ಕಾಗದದ ರಾಶಿಯಲ್ಲಿ ಉಳಿದು ಬಂದುವು. ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರವು 1132ರಲ್ಲಿ ಮಂಗಳೂರಿನಲ್ಲಿಯೇ ಬರೆದದ್ದು. ಬೊಮ್ಮನೆಂಬ ಅವನ ಆಳು ವ್ಯಾಪಾರದ ಕಾರ್ಯಕ್ಕಾಗಿ ಏಡನ್ ಬಂದರಕ್ಕೆ ಹೋಗಿ ಬಂದವನು. ಬೊಮ್ಮ ಎಂಬ ಹೆಸರೇ ಅವನು ಈ ಕಡೆಯ ಮಗನೆಂದು ಸಾರುತ್ತಿದೆ. ಪರದೇಶದಲ್ಲಿ ಮಾತಿಗಾಗಿ ತಡವರಿಸಿದ ಮಂಗಳೂರಿಗರ ಪಟ್ಟಿಯನ್ನು ಯಾರಾದರೂ ಬರೆಯುವುದಾದರೆ ಅವನ ಹೆಸರನ್ನು ಮೇಲೆಯೇ ಬರೆಯಬೇಕು. ಇಬ್ನ್ ಬತೂತನು 1342ರ ಸುಮಾರಿಗೆ ಬಂದಾಗ ಈ ಊರಿನಲ್ಲಿ ಮುಸಲ್ಮಾನರೇ ಸುಮಾರು 4000 ಮಂದಿ ಇದ್ದರೆಂದೂ, ಪಾರಸ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ ಬರೆದಿದ್ದಾನೆ. ಅವರಿಗೊಬ್ಬ ಖಾಜಿಯೂ ಇದ್ದನು. ಹಡಗಿನಿಂದ ಇಳಿದೊಡನೆ ತನ್ನ ಭಾಷೆಯನ್ನೇ ಕೇಳುವ ಪ್ರವಾಸಿಗೆ ಹೊರಗಿನ ಬೀದಿಯ ಭಾಷೆಯನ್ನು ಕಲಿಯುವ ಅವಶ್ಯವೇನು? ಮೊರೊಕ್ಕೋದಿಂದ ಚೀನದವರೆಗೆ ಹೋದ ಆ ಮಹಾಪ್ರವಾಸಿಯು ಅರಬ್ಬೀ ಒಂದರ ಬಲದಿಂದಲೇ ಬಹುದೂರ ಸಾಗಿದನು.

ಇಲ್ಲಿಯವರೆಗಿನದು ಪೀಠಿಕೆ. ನಿಜವಾದ ಭಾಷಾಸಂಕಟವು ತನ್ನವರ ನೆರೆಯಿಲ್ಲದೆ, ಕುತೂಹಲದಿಂದಲೇ ದೇಶವನ್ನು ನೋಡಬಂದವನದು. ಅಂಥವನೊಬ್ಬನು 1623ರಲ್ಲಿ ನಮ್ಮ ದೇಶಕ್ಕೆ ಬಂದನು.

ಪಿಯೆತ್ರೋ ದೆಲ್ಲಾ ವಾಲೆ ಎಂಬವನು ರೋಮ್ ನಗರದ ಕುಲೀನನು. 1614ರಲ್ಲಿ ವೆನಿಸಿನಿಂದ ಹೊರಟು ತುರ್ಕಿಯಲ್ಲಿ ತುರ್ಕಿಯನ್ನು, ಪಾರಸದಲ್ಲಿ ಪಾರಸಿಯನ್ನು ಕಲಿತು, ಅರಬ್ಬಿಯನ್ನೂ ಸಂಪಾದಿಸಿ, ಬಾಗ್ದಾದಿನಲ್ಲಿ ಮಆನಿ ಎಂಬ ಕ್ರೈಸ್ತ ಕನ್ಯೆಯನ್ನು ವಿವಾಹವಾದನು. ಆಕೆಯು 1621ರಲ್ಲಿ ಪಾರಸದ ಕಡಲತೀರದಲ್ಲಿ ತೀರಿಕೊಂಡಳು. ಆತನು ಆ ಶರೀರವನ್ನು ಹೂಳದೆ, ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿರಿಸಿ ಹಿಂದೂದೇಶಕ್ಕೆ ತನ್ನೊಡನೆ ತಂದನು. ಕೊನೆಗೆ 1626ರಲ್ಲಿ ರೋಮಿನಲ್ಲಿ ಅದನ್ನು ಸಮಾಧಿ ಮಾಡಿದನು. ಭಾಷೆಗಳನ್ನು ಕಲಿಯುವುದರಲ್ಲಿ ಇಷ್ಟು ಸಮರ್ಥನಾದವನು ಗೋವೆಯಿಂದ ದಕ್ಷಿಣಕ್ಕೆ ಹೊರಟೊಡನೆ ಮೂಕನಾದನು. ಪೋರ್ತುಗೀಸ್ ವೈಸರಾಯನು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಕಳುಹಿಸಿದ ರಾಯಭಾರಿಯೊಡನೆ ಆತನು ಹೊನ್ನಾವರ, ಗೇರುಸೊಪ್ಪೆಗಳ ದಾರಿಯಿಂದ ಘಟ್ಟವೇರಿದನು. ವೆಂಕಟಪ್ಪನಾಯಕನ ಕಡೆಯ ರಾಯಭಾರಿಯೂ ಜೊತೆಗಿದ್ದನು. ಅವನ ಹೆಸರು ವಿಠಲ ಶೆಣೈ ಎಂದು ನಾವು ಊಹಿಸಿಕೊಳ್ಳಬೇಕು, ಏಕೆಂದರೆ ಇತಾಲಿಯನ್ ಲೇಖನಿಯಲ್ಲಿ ಅದು 'ವಿತುಲಾ ಸಿನಾಯ್' ಎಂದು ಬಿದ್ದಿದೆ.

ಘಟ್ಟದ ಮಾರ್ಗದಲ್ಲಿ ಒಂದು ಹನುಮಂತನ ಗುಡಿಯ ಮೊಗಸಾಲೆಯಲ್ಲಿ ಆತನು ಕಂಡ ದೃಶ್ಯವನ್ನು ಉಪಾಧ್ಯಾಯವೃತ್ತಿಯವರೆಲ್ಲರೂ ಓದತಕ್ಕದ್ದು. ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತ ಕುಳಿತಿದ್ದರು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹಾಡುವನು, ಹಾಡುತ್ತಲೇ ನೆಲದ ಮೇಲೆ ಹರಡಿದ ನುಣ್ಮರಳಿನಲ್ಲಿ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರೂ ಹಾಗೆಯೇ ಹಾಡಿ ಬರೆಯುವರು. ನೆಲವು ತುಂಬಿದರೆ ಅಳಿಸಿ, ಬೇಕಾದರೆ ಮತ್ತೆ ಮರಳು ಚೆಲ್ಲಿ, ಮುಂದುವರಿಸುವರು. ಕಾಗದವಿಲ್ಲ, ಮಸಿಯಿಲ್ಲ, ಖರ್ಚಿಲ್ಲ. ಗುರುಗಳು ಅಲ್ಲಿರಲಿಲ್ಲ. ನೀವೆಲ್ಲರೂ ವಿದ್ಯಾರ್ಥಿಗಳೇ ಆಗಿರುವಾಗ ಮರೆತರೆ, ತಪ್ಪಿದರೆ ತಿದ್ದುವವರು ಯಾರು ಎಂದು ಪ್ರವಾಸಿಯು ವಿಚಾರಿಸಿದನು. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಉಳಿದವರು ತಿದ್ದುವರು ಎಂದು ಆ ಬಾಲಕರು ಉತ್ತರ ಕೊಟ್ಟರು. ಉತ್ತರವು ಆತನಿಗೆ ಬಹಳ ಮೆಚ್ಚಿಕೆಯಾಯಿತು.

ನಮಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಪಾಠಶಾಲೆಗಳಲ್ಲಿ ಸಂತೆ ಹೇಳಿಕೊಡುವ ಕ್ರಮವೂ ಇದೇ. ಗುರುಗಳು ಒಮ್ಮೆ ಹೇಳಿದ್ದನ್ನು ಶಿಷ್ಯರೆಲ್ಲ ಕೂಡಿ ಎರಡು ಸಲ ಹೇಳುವಾಗ, ಒಬ್ಬನ ಸ್ವರವು ಜಾರಿದರೆ ಪಕ್ಕದವನ ಸ್ವರವೇ ಅದನ್ನು ಹಿಡಿದೆತ್ತುತ್ತದೆ. ಆದರೆ ಪಾಶ್ಚಾತ್ಯರಿಗೆ ಇದು ಎಷ್ಟು ಹೊಸತಾಗಿತ್ತೆಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥ ಬಾಲಕರ ಶಾಲೆಯಲ್ಲಿದ್ದ ಡಾಕ್ಟರ್ ಆಂಡ್ರ್ಯೂ ಬೆಲ್ ಎಂಬವನು ಈ ದೇಶದ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನು ಏರ್ಪಡಿಸಿ, 1797ರಲ್ಲಿ ಲಂಡನಿನಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದು 'ಮದ್ರಾಸ್ ಕ್ರಮ'ವೆಂದು ಪ್ರಸಿದ್ಧವಾಯಿತು. ಅದಕ್ಕೆ ನೂರೆಪ್ಪತ್ತು ವರ್ಷಗಳ ಹಿಂದೆಯೇ ಅದನ್ನು ಘಟ್ಟದ ಗುಡಿಯಲ್ಲಿ ಕಂಡು ಬರೆದವನು ದೆಲ್ಲಾ ವಾಲೆ. ಆದರೂ ಒಂದು ಮಾತು ತೋರುತ್ತದೆ. ತುರ್ಕಿಯನ್ನೂ ಪಾರಸಿಯನ್ನೂ ಕಲಿತ ಈತನು ಆ ಮರಳಿನ ಬಳಿ ಐದನೆಯವನಾಗಿ ಒಂದು ಗಳಿಗೆ ಕುಳಿತಿದ್ದರೆ, ಒಂದರಿಂದ ಹತ್ತರವರೆಗಿನ ಕನ್ನಡವಾದರೂ ಆತನಿಗೆ ಲಭಿಸುತ್ತಿತ್ತು. ರಾಯಭಾರಿಯ ಪರಿವಾರವು ಮುಂದಕ್ಕೆ ಹೊರಟಿದ್ದಿರಬೇಕು. ಪ್ರವಾಸಿಗಳಿಗೆ ಎಂದೂ ಹೊತ್ತಿಲ್ಲ.

ಇಕ್ಕೇರಿಯನ್ನು ನೋಡಿ ಆತನು ಘಟ್ಟವಿಳಿದು ಮಂಗಳೂರಿಗೆ ಬಂದುದು ಅದೇ ವರ್ಷದ ಕೊನೆಯಲ್ಲಿ. ಹೊಳೆಯಾಚೆಯ ಉಳ್ಳಾಲದ ರಾಣಿಯನ್ನು ಕಾಣಬೇಕೆಂಬ ಆಸೆ ಆತನಿಗೆ ಪ್ರಬಲವಾಗಿತ್ತು. ಬಂಗ ಅರಸನ ಪತ್ನಿಯಾಗಿದ್ದು ಅವನನ್ನು ತೊರೆದು, ವೆಂಕಟಪ್ಪನಾಯಕನ ಬೆಂಬಲವನ್ನು ಪಡೆದು, ಪೋರ್ತುಗೀಸರ ಹಗೆಯನ್ನು ಕಟ್ಟಿಕೊಂಡ ರಾಣಿಯೆಂದು ಆಕೆಯ ಕೀರ್ತಿಯು ಹಬ್ಬಿತ್ತು. ಆತನು ಬರೆದಿಟ್ಟ ಹೆಸರು 'ಅಬಗ್ ದೇವಿ ಚೌತ್ರು'. ಅಬ್ಬಕ್ಕದೇವಿ ಚೌಟ ಎಂದು ನಾವು ಸುಲಭವಾಗಿ ಗುರುತಿಸುತ್ತೇವೆ. ಕಿವಿಯು ಮುಕ್ಕಾಲು ಪಾಲು ಸರಿಯಾಗಿಯೇ ಕೇಳಿದೆ. ದ್ವಿತ್ವ ಮಾತ್ರ ಜಾರಿದೆ, ಕೊನೆಯಲ್ಲಿ ಒಂದು ರೇಫವು ಎಲ್ಲಿಂದಲೋ ಸೇರಿಕೊಂಡಿದೆ. ಇಷ್ಟು ಮಟ್ಟಿಗೆ ಹೆಸರುಗಳನ್ನು ಹಿಡಿದವನಿಗೆ ಮಾತನ್ನು ಕಲಿಯುವ ಶಕ್ತಿಯಿತ್ತೆಂಬುದರಲ್ಲಿ ಸಂಶಯವಿಲ್ಲ.

ರಾಣಿಯು ಆಗ ಮಾಣೇಲ್ ಎಂಬಲ್ಲಿದ್ದಳು. ಹೊಸದಾಗಿ ಅಗೆಯಿಸುತ್ತಿದ್ದ ಕಾಲುವೆಯನ್ನು ನೋಡುವುದಕ್ಕಾಗಿ ಬರಿಗಾಲಿನಲ್ಲಿ ನಡೆದು ಬರುತ್ತಿದ್ದ ಆಕೆಯನ್ನು ಆತನು ದಾರಿಯಲ್ಲಿಯೇ ಕಂಡನು. ಉಡಿಗೆಯನ್ನೂ ಬಣ್ಣವನ್ನೂ ನೋಡಿದರೆ ಅಡಿಗೆಯವಳೆಂದೋ ಅಗಸಗಿತ್ತಿಯೆಂದೋ ಭಾವಿಸಬೇಕಿತ್ತೆಂದು ಬರೆದ ಆ ರೋಮಿನ ಕುಲೀನನು, ಆಕೆಯು ಮಾತನಾಡತೊಡಗಿದ ಮೇಲೆ ಬುದ್ಧಿಯಲ್ಲಿ ರಾಣಿಯೇ ಹೌದೆಂದು ಒಪ್ಪಿಕೊಂಡನು. ವಾಚಕರು ಇದನ್ನು ಗಮನಿಸಬೇಕು. ಆ ಮಾತುಗಳೆಲ್ಲವೂ ಆತನಿಗೆ ತಲುಪಿದುದು ದುಭಾಷಿಯ ಬಾಯಿಯಿಂದ. ಯಾವ ದೇಶದವನು, ಯಾವ ಯಾವ ರಾಜ್ಯಗಳನ್ನು ನೋಡಿದೆ, ಇಷ್ಟು ದೂರ ಬಂದುದೇಕೆ ಎಂದು ಆಕೆಯು ಕೇಳಿದಳು. ಆತನು ತುರ್ಕಿ, ಪಾರಸ, ಮೊಗಲರಾಜ್ಯಗಳ ಹೆಸರುಗಳನ್ನು ಹೇಳಿದನು.

ಇಷ್ಟು ದೂರ ಬಂದುದೇಕೆ ಎಂಬ ಪ್ರಶ್ನೆಗೆ ಆತನ ಬಳಿ ಎರಡು ಉತ್ತರಗಳಿದ್ದುವು. ಒಂದು, ದೇಶಗಳನ್ನು ನೋಡುವ ಕುತೂಹಲವೆಂಬುದು. ಇನ್ನೊಂದು, ಪೆಟ್ಟಿಗೆಯಲ್ಲಿದ್ದ ಮಆನಿ. ಮೊದಲನೆಯದನ್ನು ಯಾವ ದುಭಾಷಿಯ ಮೂಲಕವಾದರೂ ಹೇಳಬಹುದು. ಎರಡನೆಯದನ್ನು ದಾರಿಯ ಬದಿಯಲ್ಲಿ, ಆಳುಗಳ ನಡುವೆ, ಪರರ ನಾಲಗೆಯಿಂದ ಹೇಳಿಸಲಾಗುವುದೆ? ಗಂಡನನ್ನು ತ್ಯಜಿಸಿ ರಾಜ್ಯವಾಳುವ ಹೆಂಗಸು, ಸತ್ತ ಹೆಂಡತಿಯನ್ನು ಬಿಡಲಾರದೆ ದೇಶದೇಶ ಅಲೆಯುವ ಗಂಡಸು, ಇಬ್ಬರೂ ಮಾಣೇಲಿನ ಗದ್ದೆಯ ಅಂಚಿನಲ್ಲಿ ಎದುರೆದುರು ನಿಂತಿದ್ದರು. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇಂಥ ಸಮಾಗಮವು ಮತ್ತೊಂದಿಲ್ಲ. ನಡುವೆ ನಿಂತವನು ಕೂಲಿಯ ದುಭಾಷಿ. ಎಷ್ಟು ಮಾತು ದಾಟಿತೋ ಅಷ್ಟು ದಾಟಿತು.

ಇದಾಗಿ 211 ವರ್ಷಗಳ ತರುವಾಯ, 1834ನೆಯ ಅಕ್ಟೋಬರ್ 30ರಂದು, ಬಾಸೆಲ್ ಮಿಶನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು: ಹೆಬಿಕ್, ಲೇನರ್, ಗ್ರೈನರ್. ಇವರ ಉದ್ದೇಶವು ಮತಾಂತರವೆಂಬುದನ್ನು ಮುಚ್ಚಬೇಕಾಗಿಲ್ಲ. ಅದರ ಗುಣದೋಷವಿಚಾರವು ಈ ಲೇಖನಕ್ಕೆ ಸೇರಿದುದಲ್ಲ. ದೆಲ್ಲಾ ವಾಲೆಗಿಲ್ಲದ ಒಂದು ನಿರ್ಬಂಧವು ಇವರಿಗಿತ್ತು. ಪ್ರವಾಸಿಯು ನೋಡಿದರೆ ಸಾಕು, ಬೋಧಕನು ನುಡಿಯಲೇಬೇಕು.

ಅವರ ಕಷ್ಟವನ್ನು ನಾವು ಸ್ವಲ್ಪ ಮನಸ್ಸಿಗೆ ತಂದುಕೊಳ್ಳೋಣ. ಮನೆಯ ಭಾಷೆ ಜರ್ಮನ್. ಆ ಕಾಲಕ್ಕೆ ಕನ್ನಡವನ್ನು ಕಲಿಯುವುದಕ್ಕೆ ಯೂರೋಪಿಯನರಿಗಿದ್ದ ಸಾಧನಗಳೆಂದರೆ ಕೇರಿಯ 1817ರ ವ್ಯಾಕರಣ, ಮೆಕೆರೆಲ್ಲನ 1820ರ ವ್ಯಾಕರಣ, ರೀವ್ ಪಾದ್ರಿಯ ನಿಘಂಟುಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಒಂದು ಪರಭಾಷೆಯನ್ನು ಮತ್ತೊಂದು ಪರಭಾಷೆಯ ಮೂಲಕ ಕಲಿಯುವ ಯೋಗವು ಅವರ ಪಾಲಿಗೆ ಬಂದಿತು. ಇನ್ನು ಭಾಷೆಯಾದರೋ! ಕ್ರಿಯಾಪದವು ವಾಕ್ಯಾಂತ್ಯದಲ್ಲಿ ಬರುವುದು ಜರ್ಮನರಿಗೆ ಆಂಗ್ಲರಿಗಿರುವಷ್ಟು ವಿಚಿತ್ರವಲ್ಲ, ಅವರ ಉಪವಾಕ್ಯಗಳಲ್ಲಿಯೂ ಅದು ಕೊನೆಗೇ ಹೋಗಿ ಕುಳಿತುಕೊಳ್ಳುತ್ತದೆ. ನೀನು, ನೀವು ಎಂಬ ಭೇದವೂ ಅವರಲ್ಲಿ ಬೇರೆ ರೂಪದಿಂದ ಉಂಟು. ಆದರೆ 'ಯಾವನು ನಿನ್ನೆ ಪೇಟೆಯಲ್ಲಿ ಅಕ್ಕಿಯನ್ನು ಮಾರಿದನೋ ಅವನ ಮಗನು' ಎಂದು ಸಂಬಂಧಾರ್ಥಕ ಸರ್ವನಾಮವನ್ನು ಹಿಡಿದು ನಡೆಯುವವನಿಗೆ, 'ನಿನ್ನೆ ಪೇಟೆಯಲ್ಲಿ ಅಕ್ಕಿ ಮಾರಿದವನ ಮಗ' ಎಂದು ಕೃದಂತದೊಳಗೆ ಎಲ್ಲವನ್ನೂ ತುಂಬುವ ನಮ್ಮ ರೀತಿಯು ಬೇಗನೆ ಕೈವಶವಾಗುವುದೆ? ಅದಕ್ಕಿಂತಲೂ ಕಠಿನವಾದುದು ನಿಷೇಧಕ್ರಿಯೆ. 'ಅರಿವೆನು' ಎಂದರೆ ಬಲ್ಲೆನು. 'ಅರಿಯೆನು' ಎಂದರೆ ಬಲ್ಲೆನಲ್ಲ. ಎರಡಕ್ಕೂ ನಡುವೆ ಇರುವುದು ಒಂದು ಅಕ್ಷರ, ಇಲ್ಲವೆಂಬ ಅರ್ಥದ ಪ್ರತ್ಯೇಕ ಶಬ್ದವು ಎಲ್ಲಿಯೂ ಇಲ್ಲ. ಇಂಥ ಕಡೆ ನಾಲಗೆ ತೊಡರಿದರೆ ಉಪದೇಶದ ಗತಿಯೇನು? ಲಕಾರ ಳಕಾರಗಳ, ನಕಾರ ಣಕಾರಗಳ ಭೇದವನ್ನೂ, ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಹೇಳುವುದೇ ಬೇಡ. ಅವು ನಮ್ಮ ಹುಡುಗರಿಗೇ ಕಷ್ಟವಾಗಿವೆ. 'ಹೋಗಿ ಬರುತ್ತೇನೆ' ಎಂದು ಹೇಳಿ ಹೋದವನು ಹಿಂದಿರುಗಿ ಬರುವನೆಂದು ಜಗಲಿಯಲ್ಲಿ ಕಾಯುವ ಪರದೇಶಿಯನ್ನು ಊಹಿಸಿಕೊಂಡರೆ ನಗೆಯೊಡನೆ ಕನಿಕರವೂ ಹುಟ್ಟುತ್ತದೆ.

ಇಷ್ಟು ಪ್ರಯಾಸಪಟ್ಟು ಕನ್ನಡವನ್ನು ಸಂಪಾದಿಸಿದವನಿಗೆ ಮಂಗಳೂರಿನಲ್ಲಿ ಮತ್ತೊಂದು ಆಶ್ಚರ್ಯವು ಕಾದಿತ್ತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ; ಅಂಗಡಿಯಲ್ಲಿ ಕೊಂಕಣಿ; ಬಂದರದಲ್ಲಿ ಬ್ಯಾರಿಗಳ ಮಾತು; ಇವೆಲ್ಲವನ್ನೂ ದಾಟಿ ಗದ್ದೆಗೆ ಇಳಿದರೆ ತುಳು. ಎರಡು ಮೈಲಿ ನಡೆದರೆ ಆವರೆಗೆ ಕಲಿತದ್ದು ಅರ್ಧ ನಿರುಪಯೋಗ! ನಮಗೆ ಇದು ಸಹಜವಾಗಿರುವುದರಿಂದ ನಾವು ಲಕ್ಷಿಸುವುದಿಲ್ಲ. ಈ ಊರಿನ ಮಗುವು ಮೂರು ಭಾಷೆಗಳನ್ನು ಕಲಿತೆನೆಂದು ಅರಿಯದೆಯೇ ಕಲಿತಿರುತ್ತದೆ. ಗ್ರೈನರ್ ಪಾದ್ರಿಯು ತುಳುವಿಗೆ ತಿರುಗಿ ಪುನಃ ಮೊದಲಿನಿಂದ ವಿದ್ಯಾರಂಭ ಮಾಡಿದನು. ತುಳುವಿಗೆ ಆಗ ವ್ಯಾಕರಣಗ್ರಂಥವಿಲ್ಲ, ನಿಘಂಟಿಲ್ಲ. ತುಳುಲಿಪಿಯು ಬ್ರಾಹ್ಮಣರ ಮನೆಗಳಲ್ಲಿ ಸಂಸ್ಕೃತ ಗ್ರಂಥಗಳನ್ನು ಬರೆಯುವುದಕ್ಕೆ ಬಳಕೆಯಲ್ಲಿತ್ತು. ಕನ್ನಡ ಲಿಪಿಯಲ್ಲಿಯೇ ತುಳುವನ್ನು ಅಚ್ಚು ಹಾಕಿದರು. ಗ್ರೈನರ್ ಮತ್ತು ಅಮ್ಮನ್ ಪಾದ್ರಿಗಳ ತುಳು ಹೊಸ ಒಡಂಬಡಿಕೆಯು 1847ರಲ್ಲಿ ಹೊರಬಂತು. ಬ್ರಿಗೆಲ್ಲನ ತುಳು ವ್ಯಾಕರಣವು 1872ರಲ್ಲಿಯೂ, ಮೆನ್ನರನ ತುಳು ನಿಘಂಟು 1886ರಲ್ಲಿಯೂ ಬಂದುವು.

ಮೂವರಲ್ಲಿ ಪ್ರಖ್ಯಾತನಾದ ಹೆಬಿಕನ ವೃತ್ತಾಂತವು ಇದಕ್ಕೆ ವಿರುದ್ಧವಾದುದು. ಆತನು ಪೂರ್ವಾಶ್ರಮದಲ್ಲಿ ವ್ಯಾಪಾರದಲ್ಲಿದ್ದವನು, ಗಂಭೀರ ಕಂಠದವನು, ಧೈರ್ಯಶಾಲಿ. ಈ ದೇಶದಲ್ಲಿ ಇಪ್ಪತ್ತೈದು ವರ್ಷಗಳನ್ನು ಕಳೆದು 1859ರಲ್ಲಿ ಹಿಂದಿರುಗಿದನು. ಕಣ್ಣಾನೂರಿನಲ್ಲಿ ನೆಲಸಿ, ಮಲೆಯಾಳದ ಜಾತ್ರೆಗಳಲ್ಲಿ ನಿಂತು ಬೋಧಿಸಿದನು. ಆದರೆ ಆ ಭಾಷೆಯು ಅವನಿಗೆ ಕೊನೆಯವರೆಗೂ ವಶವಾಗಲಿಲ್ಲ. ಪಕ್ಕದಲ್ಲಿ ನಿಂತ ದುಭಾಷಿಯು ವಾಕ್ಯವಾಕ್ಯವಾಗಿ ಹೇಳಬೇಕಾಗಿತ್ತು. ಅದೇ ಮಲೆಯಾಳದಲ್ಲಿ, ಅವನಿಗೆ ಅನತಿದೂರದ ತಲಚೇರಿಯಲ್ಲಿದ್ದ ಅದೇ ಮಿಶನಿನ ಗುಂಡರ್ಟ್ ಪಂಡಿತನು ಮಲೆಯಾಳ ನಿಘಂಟನ್ನು ರಚಿಸುತ್ತಿದ್ದನು. ಅದು 1872ರಲ್ಲಿ ಮುಗಿಯಿತು. ಹೆಬಿಕನ ಮಾತಿಗೆ ಜನರು ಸೇರುತ್ತಿದ್ದರೆಂಬುದು ಸತ್ಯ. ಕಂಠಬಲದಿಂದ ಜನವನ್ನು ಕೂಡಿಸಬಹುದು. ಎದುರಿನವನು ಮೆಲ್ಲನೆ ಆಡಿದ ಪ್ರತಿಮಾತನ್ನು ಕೇಳಬೇಕಾದರೆ ಭಾಷೆಯು ಬೇಕು. ಆ ಮಾತುಗಳು ಹೆಬಿಕನಿಗೆ ಎಷ್ಟು ಮುಟ್ಟಿದ್ದುವೋ.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗನು ಬೇರೆಯೇ ವರ್ಗಕ್ಕೆ ಸೇರಿದವನು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ ಆತನು ಮಂಗಳೂರಿನಲ್ಲಿ ತಾನೇ ವಿದ್ಯಾರ್ಥಿಯಾದನು. 1843ನೆಯ ಜುಲಾಯಿ 1ರಂದು ಹೊರಟ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲ ವೃತ್ತಪತ್ರಿಕೆಯೆಂಬುದು ಎಲ್ಲರಿಗೂ ತಿಳಿದಿದೆ. ಹೊರದೇಶಕ್ಕೆ ಬಂದ ಏಳು ವರ್ಷಗಳಲ್ಲಿ ಆ ದೇಶದವರಿಗೆ ಅವರ ಭಾಷೆಯಲ್ಲಿಯೇ ವರ್ತಮಾನವನ್ನು ಹೇಳುವ ಯೋಗ್ಯತೆಯು ಆತನಿಗೆ ಬಂದಿತೆಂದರೆ ಅದು ಸಾಮಾನ್ಯವಲ್ಲ. ಆ ಪತ್ರಿಕೆಯು ಕಲ್ಲಚ್ಚಿನಲ್ಲಿ ಅಚ್ಚಾಯಿತೆಂಬುದನ್ನು ಮಾತ್ರ ಅನೇಕರು ಹೇಳಿ ಬಿಟ್ಟುಬಿಡುತ್ತಾರೆ. ಅದರ ಅರ್ಥವೇನು? ಕಲ್ಲಚ್ಚಿನಲ್ಲಿ ಮೊಳೆಗಳಿಲ್ಲ, ಒಬ್ಬನು ಕೈಯಿಂದ ಬರೆದ ಬರಹವೇ ಕಲ್ಲಿಗೆ ಇಳಿದು ಕಾಗದಕ್ಕೆ ಏರುತ್ತದೆ. 'ಮಂಗಳೂರ ಸಮಾಚಾರ'ದ ಪ್ರತಿಯನ್ನು ನೋಡುವಾಗ ನಾವು ನೋಡುತ್ತಿರುವುದು ಕೈಬರಹವನ್ನು. ಸಂಪಾದಕನ ಹೆಸರನ್ನು ಶಾಲೆಯ ಮಕ್ಕಳು ಕಂಠಪಾಠ ಮಾಡಿದ್ದಾರೆ. ಆ ಕೈ ಯಾರದೆಂದು ಕೇಳಿದ ಮಗುವನ್ನು ನಾನು ಇನ್ನೂ ಕಂಡಿಲ್ಲ.

ಈ ಲೇಖನವನ್ನು ಬರೆಯುವಂತೆ ನನ್ನನ್ನು ಪ್ರೇರಿಸಿದುದು ಈ ಸಂಗತಿಯೇ. ಪರದೇಶಿಯು ಭಾಷೆಯೊಡನೆ ಹೋರಾಡಿದ ಕಥೆಗಳಲ್ಲಿ ನಾಯಕನು ಯಾವಾಗಲೂ ಕಲಿತವನೇ. ಕಲಿಸಿದವನೆಲ್ಲಿ? ಮೋಗ್ಲಿಂಗನಿಗೆ ಹಳಗನ್ನಡ ನಡುಗನ್ನಡಗಳ ಕಾವ್ಯವನ್ನು ಬಿಡಿಸಿ ಹೇಳಿದವರು ಈ ನಾಡಿನ ಮುನ್ಷಿಗಳು, ಶಾಸ್ತ್ರಿಗಳು. ಮದ್ರಾಸಿನ ನ್ಯಾಯಾಧೀಶ ಕ್ಯಾಸಮೇಜರನ ಧನಸಹಾಯದಿಂದ 1848ರಿಂದ ಮುಂದೆ ಆತನು ಪ್ರಕಟಿಸಿದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು, ಯಕ್ಷಗಾನದ ರಾವಣದಿಗ್ವಿಜಯ ಮೊದಲಾದುವು ಬೆಳಕನ್ನು ಕಂಡುವು. ಓಲೆಯ ಪ್ರತಿಗಳನ್ನು ಓದಿ, ಪಾಠಾಂತರಗಳನ್ನು ನೋಡಿ, ಪದಚ್ಛೇದ ಮಾಡುವ ಕಾರ್ಯವು ಒಬ್ಬ ಪರದೇಶಿಯಿಂದ, ಅವನು ಎಷ್ಟೇ ಮೇಧಾವಿಯಾದರೂ, ಒಂಟಿಯಾಗಿ ಆಗತಕ್ಕದ್ದಲ್ಲ. ವೈಷ್ಣವ ದಾಸರ ಪದಗಳನ್ನು ಕ್ರೈಸ್ತ ಪಾದ್ರಿಗೆ ಹಾಡಿ ತೋರಿಸಿದ ಆ ಹಿರಿಯರ ಮನಸ್ಸು ಹೇಗಿದ್ದಿರಬಹುದು! ತನ್ನ ಮತವನ್ನು ಖಂಡಿಸಲು ಬಂದವನಿಗೆ ಖಂಡನೆಯ ಭಾಷೆಯನ್ನು ತಾನೇ ಕಲಿಸುತ್ತಿದ್ದೇನೆಂಬುದು ಅವರಿಗೆ ತಿಳಿದಿರಲಿಲ್ಲವೆ? ತಿಳಿದಿತ್ತು. ಸಂಬಳವಿತ್ತೆನ್ನಬಹುದು, ಸಂಬಳದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಮೇಷ್ಟರುಗಳು ಗಾಳಿಯನ್ನು ಕುಡಿದು ಬದುಕುವುದಿಲ್ಲ. ಆದರೂ ಶ್ರದ್ಧೆಯಿಂದ ಕೇಳುವ ಶಿಷ್ಯನು ದೊರೆತಾಗ ಯಾರೆಂದು ನೋಡದೆ ಹೇಳಿಕೊಡುವುದು ಈ ವೃತ್ತಿಯ ಗುಣ, ಇಲ್ಲವೆ ದೌರ್ಬಲ್ಯ.

ಇದೇ ಮಂಗಳೂರಿನಿಂದ ಒಬ್ಬ ತರುಣನು ಆ ದಿಕ್ಕಿಗೆ ಹೋದ ಕಥೆಯನ್ನೂ ಹೇಳಬೇಕು. ಆನಂದರಾವ್ ಕೌಂಡಿನ್ಯರು 1825ರಲ್ಲಿ ಸಾರಸ್ವತ ಕುಲದಲ್ಲಿ ಹುಟ್ಟಿ, ಮಿಶನ್ ಶಾಲೆಯಲ್ಲಿ ಓದಿ, 1844ರ ಜನವರಿಯಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. 1846ರಲ್ಲಿ ಮೋಗ್ಲಿಂಗನ ಜೊತೆಗೆ ಅವರು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರಕ್ಕೆ ಪ್ರಯಾಣ ಮಾಡಿದರು. ಅಲ್ಲಿಯ ಸೆಮಿನರಿಯಲ್ಲಿ ಪಾಠವೆಲ್ಲ ಜರ್ಮನಿನಲ್ಲಿ. ಅದರೊಡನೆ ಲ್ಯಾಟಿನ್, ಗ್ರೀಕ್, ಹೀಬ್ರೂಗಳು. ಹತ್ತು ವರ್ಷಗಳ ಹಿಂದೆ ಮೋಗ್ಲಿಂಗನು ಮಂಗಳೂರಿನಲ್ಲಿ ಅನುಭವಿಸಿದ್ದನ್ನು ಈಗ ಮಂಗಳೂರಿನವರು ಬಾಸೆಲಿನಲ್ಲಿ ಅನುಭವಿಸಬೇಕಾಯಿತು, ಹಿಮದ ಚಳಿಯು ಬೇರೆ. ಕೊಂಕಣಿಯನ್ನಾಡಿ, ತುಳುವನ್ನು ಕೇಳಿ, ಕನ್ನಡವನ್ನು ಬರೆದು, ಇಂಗ್ಲಿಷನ್ನು ಕಲಿತು ಬೆಳೆದ ಕಿವಿಗೆ ಐದನೆಯ ಭಾಷೆಯು ಬಂದರೆ ಮೋಗ್ಲಿಂಗನಷ್ಟು ಭಯವಾಗಿರಲಾರದೆಂದು ನನ್ನ ಎಣಿಕೆ. ಊರಿನ ಅಭಿಮಾನವೆಂದು ವಾಚಕರು ನಗುವುದಾದರೆ ನಗಲಿ. 1851ರಲ್ಲಿ ಅವರು ಪಾದ್ರಿಯ ದೀಕ್ಷೆಯನ್ನು ಪಡೆದು ಸ್ವದೇಶಕ್ಕೆ ಮರಳಿದರು; ಮಂಗಳೂರಿನ ಉಪದೇಶಿಗಳ ಪಾಠಶಾಲೆಯಲ್ಲಿ ಬೋಧಿಸಿದರು. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯು ಸಮುದ್ರವನ್ನು ದಾಟಿ ಬಂದು ಅವರನ್ನು ವಿವಾಹವಾದರು. ಆ ಸಂಸಾರದಲ್ಲಿ ಪತಿಯು ಪತ್ನಿಯ ಭಾಷೆಯನ್ನು ಆಕೆಯ ಸೀಮೆಯಲ್ಲಿಯೇ 5 ವರ್ಷ ಕಲಿತು ಬಂದವರು, ಹೊಸ ಅಕ್ಷರಮಾಲೆಯ ಮುಂದೆ ಕುಳಿತುಕೊಳ್ಳುವ ಸರದಿಯು ಪತ್ನಿಯದು. ಕೌಂಡಿನ್ಯರು 1893ರಲ್ಲಿ ನಿಧನರಾದರು.

ಅವರು ತೀರಿದ ಮರುವರ್ಷ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ಈ ದೇಶಕ್ಕೆ ಬಂದಾಗ ಇಪ್ಪತ್ತೊಂದರ ತರುಣ. ನಿಘಂಟು ಮುಗಿದಾಗ ಅರವತ್ತು ದಾಟಿದ ವೃದ್ಧ. ಇದರ ನಡುವೆ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಈ ಕ್ರಮವನ್ನು ನೋಡಿದರೆ ನಮಗೆ ಸಂತೋಷವಾಗುತ್ತದೆ. ಮೊದಲು ವ್ಯಾಕರಣ, ಆ ಮೇಲೆ ಛಂದಸ್ಸು, ಅನಂತರ ಕೋಶ. ಪಾಠಶಾಲೆಗೆ ಸೇರಿದ ಯಾವ ಬಾಲಕನನ್ನೂ ನಮ್ಮ ಗುರುಗಳು ನಡೆಸಿಕೊಂಡು ಬಂದ ದಾರಿಗೆ ಇದು ಬಹಳ ದೂರವಲ್ಲ. ಪ್ರಯೋಗದಿಂದ ಬಿಟ್ಟುಹೋಗಿದ್ದ ಱಕಾರ ೞಕಾರಗಳನ್ನು ಅವರು ಕೇಶಿರಾಜನ ಬಲದಿಂದ ಗುರುತಿಸಿ ಬೇರೆ ಮಾಡಿದರು. ನಾಡಿನವರೇ ಮರೆತಿದ್ದ ಭೇದವನ್ನು ಹೊರಗಿನವನು ನೆನಪಿಸಿಕೊಟ್ಟಂತಾಯಿತು.

ಸುಮಾರು 70,000 ಶಬ್ದಗಳು, 1,700ಕ್ಕೆ ಮೀರಿದ ಪುಟಗಳು. ಮುಖಪುಟದಲ್ಲಿ ಒಬ್ಬರದೇ ಹೆಸರು. ಆದರೆ ಪುಟಗಳನ್ನು ತಿರುವಿದರೆ, ಶಬ್ದಮಣಿದರ್ಪಣಾದಿ ಗ್ರಂಥಗಳ ಉದಾಹರಣೆಗಳ ನಡುನಡುವೆ ಗಾದೆಗಳು ಮೇಲಿಂದ ಮೇಲೆ ಬರುತ್ತವೆ. ಅಡಿಗೆಮನೆಯ ಗಾದೆಗಳು, ಹೊಲದ ಗಾದೆಗಳು, ಅತ್ತೆಸೊಸೆಯರವು, ಸಾಲಗಾರರವು, ಕೆಲವು ಪಾದ್ರಿಯ ಮುಂದೆ ಹೇಳಲು ಸಂಕೋಚಪಡತಕ್ಕವು. ಓಲೆಗರಿಗಳಲ್ಲಿ ಸಿಕ್ಕುವ ಸರಕು ಇದಲ್ಲ. ಬಾಯಿಂದ ಬಾಯಿಗೆ ನಡೆದು ಬಂದ ಇವನ್ನು ಯಾರೋ ಕುಳಿತು, ಒಂದೊಂದಾಗಿ ಹೇಳಿ, ಅರ್ಥವನ್ನು ಬಿಡಿಸಿ, ಆ ಜರ್ಮನ್ ಶಿಷ್ಯನು ತಪ್ಪಿದಲ್ಲಿ ತಿದ್ದಿ, ಮತ್ತೆ ಹೇಳಿಸಿ ಬರೆಯಿಸಿದ್ದಾರೆ.